ಡೌಟ್ ಇರೋ ಕಾಲೇಜ್ ಹುಡುಗ್ರ ಹತ್ರ ಯೇಸು ಸ್ವಾಮಿ ಬಗ್ಗೆ ಮಾತಾಡೋದು ಹೇಗೆ

ಕರಪತ್ರ ಹಂಚೋದು ಬಿಡಿ ಮೊದ್ಲು. ಕ್ಯಾಂಟೀನಲ್ಲಿ ಕೂತು ಟೀ ಕುಡೀತಾ ಅವ್ರು ಏನ್ ಕೇಳ್ತಾರೋ ಅದನ್ನ ಪೂರ್ತಿ ಕೇಳಿಸ್ಕೊಳಿ. ನಾನು ಶುರುನಲ್ಲಿ ಮಾಡ್ತಿದ್ದ ತಪ್ಪು ಅಂದ್ರೆ ಅವ್ರ ಪ್ರಶ್ನೆ ಮುಗಿಯೋಕ್ ಮುಂಚೆನೇ ಬೈಬಲ್ ವಚನ ಹೇಳ್ಬಿಡ್ತಿದ್ದೆ, ಸತ್ಯವೇದನೇ (ಬೈಬಲ್‌ನೇ) ನಂಬ್ದೆ ಇರೋರಿಗೆ ಸತ್ಯವೇದದಲ್ಲಿ ಬರ್ದಿದೆ ಅಂದ್ರೆ ಅದು ಉತ್ತರ ಹೇಗಾಗತ್ತೆ?

ಯೇಸು ಅನ್ನೋರು ನಿಜವಾಗ್ಲೂ ಇದ್ರಾ ಅಂತ ಕೇಳಿದ್ರೆ ಟ್ಯಾಸಿಟಸ್ ಬಗ್ಗೆ ಹೇಳಿ. ರೋಮ್‌ನ ಇತಿಹಾಸಕಾರ, ಕ್ರೈಸ್ತರನ್ನ ಕಂಡ್ರೆ ಆಗ್ತಾ ಇರ್ಲಿಲ್ಲ, ಆದ್ರೂ ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅಂತ 2ನೇ ಶತಮಾನದ ಶುರುನಲ್ಲಿ ಬರ್ದಿದಾನೆ. ಯೇಸು ಬಗ್ಗೆ ಸಾರ್ತಿದ್ದ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರ (ಬೈಬಲ್‌ನಲ್ಲೇ ಇದೆ) ಯೇಸುನ ಶಿಲುಬೆಗೆ ಹಾಕಿ ಸುಮಾರು 20-25 ವರ್ಷಕ್ಕೇ ಬಂದಿದ್ದು, ಅದರ 15ನೇ ಅಧ್ಯಾಯದಲ್ಲಿ ಎದ್ದು ಬಂದ ಯೇಸುನ 500ಕ್ಕೂ ಹೆಚ್ಚು ಜನ ನೋಡಿದ್ರು, ಅವ್ರಲ್ಲಿ ಜಾಸ್ತಿ ಜನ ಇನ್ನೂ ಬದುಕಿದಾರೆ ಅಂತಾನೆ. ಆದ್ರೆ ಟ್ಯಾಸಿಟಸ್ ಮಾತು ಪುನರುತ್ಥಾನಕ್ಕೆ, ಅಂದ್ರೆ ಯೇಸು ಸತ್ತು ಎದ್ದು ಬಂದಿದ್ದಕ್ಕೆ, ಪುರಾವೆ ಅಲ್ಲ, ಅದನ್ನ ನೀವೇ ಮೊದ್ಲು ಹೇಳ್ಬಿಡಿ, ಎಳೆದು ದೊಡ್ದು ಮಾಡಿದ್ರೆ ಮೊಬೈಲ್ ತೆಗೆದು ಅಲ್ಲೇ ಚೆಕ್ ಮಾಡ್ತಾರೆ. ಸೈನ್ಸ್ ಬಗ್ಗೆ ಕೇಳಿದ್ರೂ ಹಂಗೇ, ವಿಶ್ವ ಹಿಗ್ತಾ ಇದೆ ಅಂತ 1927ರಲ್ಲಿ ಬರೆದ ಬೆಲ್ಜಿಯಂ ವಿಜ್ಞಾನಿ ಲೆಮೈತ್ರ್ ಒಬ್ಬ ಪಾದ್ರಿ, ಅದ್ರಿಂದ ದೇವರು ಇದಾನೆ ಅಂತ ಪ್ರೂವ್ ಆಗಲ್ಲ, ಸೈನ್ಸೂ ನಂಬಿಕೇನೂ ಒಬ್ರಲ್ಲೇ ಇರಬಹುದು ಅನ್ನೋದಷ್ಟೇ ಗೊತ್ತಾಗತ್ತೆ.

ಇವೆಲ್ಲಕ್ಕಿಂತ ಕಷ್ಟದ್ದು ಜಾತಿ ಪ್ರಶ್ನೆ. ನಿಮ್ ಚರ್ಚಲ್ಲೂ ಜಾತಿ ನೋಡ್ತಾರಲ್ಲ, ಕೆಲವು ಕಡೆ ದಲಿತ ಕ್ರೈಸ್ತರಿಗೆ ಸ್ಮಶಾನನೂ ಬೇರೆ ಅಲ್ವಾ ಅಂತ ಕೇಳ್ತಾರೆ. ಹೌದು, ಇದೆ, ಅದು ಪಾಪ, ನಾವು ಪಶ್ಚಾತ್ತಾಪ ಪಡ್ಬೇಕಾದ್ದು. ಹಿಂಗೇ ಹೇಳಿ, "ಆದ್ರೆ" ಅಂತ ಮಾತ್ರ ಶುರು ಮಾಡ್ಬೇಡಿ ದಯವಿಟ್ಟು.

ಮನೇಲಿ ಸಾವು ನೋಡಿದ ಹುಡುಗಿ ದೇವ್ರು ಎಲ್ಲಿದ್ದ ಅಂತ ಕೇಳಿದ್ರೆ ವಾದ ಮಾಡೋಕೆ ಹೋಗ್ಬೇಡಿ. ಸ್ನೇಹಿತ ಲಾಜರ ಸತ್ತಾಗ ಅವನ ಸಮಾಧಿ ಹತ್ರ ಯೇಸು ಅತ್ರು, ನೀವೂ ಸುಮ್ನೆ ಜೊತೇಲಿ ಕೂತ್ಕೊಳಿ.

ಫೀಸ್ ಕಟ್ತೀವಿ, ಕೆಲ್ಸ ಕೊಡಿಸ್ತೀವಿ, ಕಾಯಿಲೆ ಗ್ಯಾರಂಟಿ ವಾಸಿ ಆಗತ್ತೆ, ಇಂಥ ಮಾತು ಬೇಡ್ವೇ ಬೇಡ. 2022ರಲ್ಲಿ ಕರ್ನಾಟಕದಲ್ಲಿ ಆಮಿಷ, ಬಲವಂತದ ಮತಾಂತರ ತಡೆಯೋ ಕಾಯ್ದೆ ಬಂತು ಅಂತ ಮಾತ್ರ ಅಲ್ಲ, ಆಸೆ ತೋರಿಸಿ ಕರೆದ್ರೆ ಅದು ಸುವಾರ್ತೆನೇ (ಯೇಸುವಿನ ಒಳ್ಳೇ ಸುದ್ದಿನೇ) ಅಲ್ಲ. ಪಿಯು ಮಕ್ಳಿಗೆ 18 ಆಗಿರಲ್ಲ, ಅಪ್ಪ ಅಮ್ಮಂಗೆ ಗೊತ್ತಿಲ್ದೆ ಅವ್ರನ್ನ ಕೂರಿಸ್ಕೊಬೇಡಿ.

ಇಂಟ್ರೆಸ್ಟ್ ಇದೆ ಅಂದ್ರೆ ಮಾರ್ಕನ ಸುವಾರ್ತೆ (ಬೈಬಲ್‌ನಲ್ಲಿ ಯೇಸುನ ಕಥೆ ಹೇಳೋ ಪುಸ್ತಕ) ಕೊಡಿ, 16 ಅಧ್ಯಾಯ ಅಷ್ಟೇ, ವಾರಕ್ಕೊಂದು ಜೊತೇಲಿ ಓದಿ, ಎಲ್ಲಿ ಒಪ್ಪಿಗೆ ಆಗ್ಲಿಲ್ಲ ಅಂತ ಅವ್ರನ್ನೇ ಕೇಳಿ. ಯೋಹಾನನ ಸುವಾರ್ತೆಲಿ, ಯೇಸು ಎದ್ದು ಬಂದಿದ್ದನ್ನ ನೋಡದೆ ನಂಬಲ್ಲ ಅಂತ ಶಿಷ್ಯ ತೋಮ ಅಂದಾಗ ಯೇಸು ಅವನನ್ನ ಆಚೆ ಕಳಿಸ್ಲಿಲ್ಲ, ಕೈ ತೋರ್ಸಿದ್ರು. ಮಾರ್ಕನ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ "ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಕೂಗ್ತಾನಲ್ಲ, ಅಲ್ಲಿ ಸ್ವಲ್ಪ ನಿಲ್ಸಿ, ತುಂಬಾ ಜನ ಅಲ್ಲೇ ಮಾತಾಡೋಕೆ ಶುರು ಮಾಡ್ತಾರೆ. ಬೇಡ ಅಂದ್ರೆ ಅಲ್ಲಿಗೆ ಬಿಟ್ಬಿಡಿ, ಮುಂದಿನ ವಾರ ಟೀಗೆ ಮಾತ್ರ ಮರೀದೆ ಕರೀರಿ.