ದಾರ ಹಿಡಿದು ದೂರ ಅಳೆಯಿರಿ, ಗಾಳಿ ನೋಡಿ ಗಂಟೆ ಎಣಿಸಿ

ಎರಡು ದೂರದ ನಗರಗಳ ನಡುವಿನ ವಿಮಾನದಾರಿ ಅಳೆಯಬೇಕೇ? ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಡಬೇಡಿ. ದುಂಡು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ಧ್ರುವಗಳತ್ತ ಹೋದಂತೆಲ್ಲ ನೆಲ ಹಿಗ್ಗಿ ಕಾಣುತ್ತದೆ. ಒಂದು ಗ್ಲೋಬ್, ಒಂದು ಮಾರು ದಾರ ತೆಗೆದುಕೊಳ್ಳಿ.

ಲಂಡನ್ ಮತ್ತು ನ್ಯೂಯಾರ್ಕ್ ಅನ್ನೇ ನೋಡೋಣ. ದಾರದ ಎರಡು ತುದಿಗಳನ್ನು ಆ ಎರಡು ಊರುಗಳ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಸರಿದು ಕೆನಡಾದ ಪೂರ್ವದಂಚಿನ ದ್ವೀಪವಾದ ನ್ಯೂಫೌಂಡ್‌ಲ್ಯಾಂಡ್ ಕಡೆಯಿಂದ ಹಾಯುತ್ತದೆ. ಮಹಾವೃತ್ತದ ದಾರಿ ಎಂದರೆ ಇದೇ, ಎಲ್ಲಕ್ಕಿಂತ ಹತ್ತಿರದ ಹಾದಿ. ಉದ್ದವನ್ನು ಗುರುತು ಮಾಡಿಕೊಂಡು ದಾರವನ್ನು ಭೂಮಧ್ಯರೇಖೆಗೆ ಸುತ್ತಿ. ಆ ಪೂರ್ತಿ ಸುತ್ತು ಸುಮಾರು 40,000 ಕಿ.ಮೀ. ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಪ್ರತಿ ಸೆಂ.ಮೀ.ಗೆ ಸುಮಾರು 425 ಕಿ.ಮೀ. ನಮ್ಮ ದಾರ 13 ಸೆಂ.ಮೀ. ಚಿಲ್ಲರೆ ಬರುತ್ತದೆ, ಅಂದರೆ 5,500 ದಾಟಿತು. ಅಕ್ಷಾಂಶ, ರೇಖಾಂಶ ಹಿಡಿದು ಗಣಿತ ಮಾಡಿದರೆ ಸಿಗುವುದು ಸುಮಾರು 5,570 ಕಿ.ಮೀ. ಬರೀ ದಾರ ಇಷ್ಟು ಹತ್ತಿರ ಬರುವುದನ್ನು ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ನೋಡಲೇಬೇಕು.

ಇನ್ನು ಹೊತ್ತಿನ ಲೆಕ್ಕ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ 6 ಗಂಟೆ 10 ನಿಮಿಷ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಎಂದು 40 ನಿಮಿಷ ಸೇರಿಸಿ.

ಲೆಕ್ಕವನ್ನು ಇಲ್ಲಿಗೇ ಬಿಟ್ಟರೆ ತಪ್ಪುತ್ತದೆ, ಗಾಳಿ ಬಾಕಿಯಿದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಿನ ಗಾಳಿ ಹರಿಯುತ್ತದೆ. ಅದು ಗಂಟೆಗೆ 100 ಕಿ.ಮೀ. ಬೀಸುತ್ತಿದೆ ಎನ್ನಿ. ನ್ಯೂಯಾರ್ಕಿಗೆ ಹೋಗುವಾಗ ಎದುರುಗಾಳಿ. ವೇಗ 800ಕ್ಕೆ ಇಳಿದು, ಎಲ್ಲ ಸೇರಿ 7 ಗಂಟೆ 40 ನಿಮಿಷ ಹಿಡಿಯುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗೆ ಬಂದು ವೇಗ 1,000 ಆಗುತ್ತದೆ, ಆರೂಕಾಲು ಗಂಟೆ ಸಾಕು. ಒಂದೇ ದಾರಿ, ಸುಮಾರು ಒಂದೂವರೆ ಗಂಟೆಯ ಅಂತರ! 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಬಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೊಳಗೇ ತಲುಪಿತ್ತು.

ಆಕಾಶದಲ್ಲೂ ಗಡಿಗಳಿವೆ ಎಂಬುದನ್ನು ಮರೆಯಬೇಡಿ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಹೋಗುವ ವಿಮಾನಗಳು ಬಳಸುದಾರಿ ಹಿಡಿಯಬೇಕಾಯಿತು; ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ 13 ಗಂಟೆಯ ಹತ್ತಿರ ಹೋಯಿತು. ಅಲ್ಲಿ ದಾರದ ಲೆಕ್ಕ ನಡೆಯುವುದಿಲ್ಲ.

ಕೊನೆಗೆ ಟಿಕೆಟ್ ನೋಡಿ. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಲಂಡನ್ ಬಿಡುವುದು ಬೆಳಗ್ಗೆ 11, ನ್ಯೂಯಾರ್ಕ್ ಮುಟ್ಟುವುದು ಮಧ್ಯಾಹ್ನ 2 ಎಂದಿದ್ದರೆ ಪ್ರಯಾಣ ಮೂರು ಗಂಟೆಯದಲ್ಲ, ಎಂಟು ಗಂಟೆಯದು. ಅಲ್ಲಿನ ಗಡಿಯಾರ 5 ಗಂಟೆ ಹಿಂದಿದೆ. ಎರಡೂ ಸಮಯಗಳನ್ನು ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯಕ್ಕೆ, ತಿರುಗಿಸಿ ಕಳೆದರೆ ಗೊಂದಲವಿಲ್ಲ. ಮಾರ್ಚಿನಲ್ಲಿ ಹೊರಡುವವರು ಮಾತ್ರ ದಿನಾಂಕವನ್ನೂ ನೋಡಿ: ಬೇಸಿಗೆ ಸಮಯಕ್ಕಾಗಿ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಅಂತರ ನಾಲ್ಕೇ ಗಂಟೆ.