ಡಿಎಸ್‌ಸಿ ಟೋಕನ್ ಕಾಣಿಸದಿದ್ದಾಗ: ಸ್ಮಾರ್ಟ್ ಕಾರ್ಡ್ ರೀಡರ್ ಡ್ರೈವರ್‌ನ ದೋಷವನ್ನು ಹುಡುಕುವ ಕ್ರಮ

ಪ್ರತಿ ತಿಂಗಳು 20ನೇ ತಾರೀಕು ಹತ್ತಿರವಾಗುತ್ತಿದ್ದಂತೆ ಮಂಗಳೂರಿನ ಕೊಡಿಯಾಲ್‌ಬೈಲ್, ಹಂಪನಕಟ್ಟೆ ಕಡೆಯ ಆಡಿಟರ್ ಕಚೇರಿಗಳಿಂದ ನನಗೆ ಬರುವ ಕರೆಗಳಲ್ಲಿ ಒಂದು ದೂರು ತಪ್ಪುವುದೇ ಇಲ್ಲ. ಕಂಪನಿಯೊಂದರ ಜಿಎಸ್‌ಟಿ ರಿಟರ್ನ್‌ಗೆ ಸಹಿ ಹಾಕಲು ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಇರುವ ಟೋಕನ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುತ್ತಿಲ್ಲ ಎಂಬುದೇ ಆ ದೂರು. ಗಡುವಿನ ಆತಂಕದಲ್ಲಿ ಹೆಚ್ಚಿನವರು ಸಿಕ್ಕಸಿಕ್ಕ ಡ್ರೈವರ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿ ಒಂದರ ಮೇಲೊಂದು ಹಾಕುತ್ತಾರೆ. ಇದರಿಂದ ಮೂಲ ದೋಷ ಎಲ್ಲಿತ್ತೆಂಬುದನ್ನು ಪತ್ತೆಮಾಡುವುದು ಇನ್ನಷ್ಟು ಕಷ್ಟವಾಗುತ್ತದೆ. ಆದ್ದರಿಂದ ಯಾವುದನ್ನೂ ಹಾಕುವ ಅಥವಾ ತೆಗೆಯುವ ಮೊದಲು ದೋಷ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳಬೇಕು.

ನೋಡಲು ಪೆನ್‌ಡ್ರೈವ್‌ನಂತಿದ್ದರೂ ಡಿಎಸ್‌ಸಿ ಟೋಕನ್ ಪೆನ್‌ಡ್ರೈವ್ ಅಲ್ಲ. ಸ್ಮಾರ್ಟ್ ಕಾರ್ಡ್‌ನ ಚಿಪ್ ಮತ್ತು ಅದನ್ನು ಓದುವ ರೀಡರ್ ಎರಡೂ ಒಂದೇ ಕವಚದೊಳಗಿರುವ ಸಾಧನ ಅದು. ರೀಡರ್ ಅನ್ನು ಗುರುತಿಸುವುದು ಡ್ರೈವರ್‌ನ ಕೆಲಸ. ರೀಡರ್‌ಗೂ ಉಳಿದ ತಂತ್ರಾಂಶಗಳಿಗೂ ನಡುವೆ ಸಂಪರ್ಕ ಕಲ್ಪಿಸುವುದು ವಿಂಡೋಸ್‌ನಲ್ಲಿರುವ ‘ಸ್ಮಾರ್ಟ್ ಕಾರ್ಡ್’ ಎಂಬ ಸರ್ವಿಸ್‌ನ ಕೆಲಸ. ಚಿಪ್‌ನೊಳಗಿನ ಪ್ರಮಾಣಪತ್ರವನ್ನು ತೋರಿಸಿ ಪಿನ್ ಕೇಳುವುದು ಇಪಾಸ್ 2003, ಪ್ರಾಕ್ಸ್‌ಕೀ, ಎಂಟೋಕನ್ ಮುಂತಾದ ಟೋಕನ್‌ಗಳ ಜೊತೆ ಬರುವ ತಂತ್ರಾಂಶದ ಕೆಲಸ. ಈ ಮೂರರಲ್ಲಿ ಯಾವುದು ಕೆಟ್ಟರೂ ಬಳಸುವವರಿಗೆ ಕಾಣುವುದು ‘ಟೋಕನ್ ಸಿಗುತ್ತಿಲ್ಲ’ ಎಂಬ ಒಂದೇ ಸಂದೇಶ.

ಮೊದಲ ಪರೀಕ್ಷೆಗೆ ಯಾವ ತಂತ್ರಾಂಶವೂ ಬೇಡ. ಟೋಕನ್ ಯುಎಸ್‌ಬಿ ಹಬ್‌ನಲ್ಲಿದ್ದರೆ ಅಲ್ಲಿಂದ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ನ ಪೋರ್ಟ್‌ಗೆ ಸಿಕ್ಕಿಸಿ, ಅದರ ದೀಪ ಹೊತ್ತುತ್ತದೆಯೇ ಎಂದು ನೋಡಬೇಕು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಯುಎಸ್‌ಬಿ ತುದಿಯ ಲೋಹದ ಪಟ್ಟಿಗಳು ಮಂಕಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸುವೇ ಅದ್ದಿದ ಬಟ್ಟೆಯಿಂದ ಅವುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಸಿಕ್ಕಿಸಬೇಕು. ಲ್ಯಾಪ್‌ಟಾಪ್‌ನಲ್ಲೇ ಇರುವ ರೀಡರ್‌ಗೆ ಹಾಕುವ ಕಾರ್ಡಿನ ಚಿನ್ನದ ಬಣ್ಣದ ಚಿಪ್ಪಿಗೂ ಇದೇ ಕ್ರಮ ಸಾಕು. ರಬ್ಬರಿನಿಂದ ಉಜ್ಜಿದರೆ ಅದರ ಲೇಪನವೇ ಸವೆಯುತ್ತದೆ.

ಅನಂತರ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, ಟೋಕನ್ ಅನ್ನು ಒಮ್ಮೆ ತೆಗೆದು ಮತ್ತೆ ಸಿಕ್ಕಿಸುತ್ತಾ ಪಟ್ಟಿಯನ್ನು ಗಮನಿಸಬೇಕು. ಪಟ್ಟಿ ಸ್ವಲ್ಪವೂ ಅಲುಗದಿದ್ದರೆ ದೋಷ ಪೋರ್ಟ್‌ನಲ್ಲಿ ಅಥವಾ ಟೋಕನ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಅದೇ ಟೋಕನ್ ಅನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಇದು ಖಚಿತವಾಗುತ್ತದೆ. ‘ಸ್ಮಾರ್ಟ್ ಕಾರ್ಡ್ ರೀಡರ್ಸ್’ ಎಂಬ ಶೀರ್ಷಿಕೆಯ ಕೆಳಗೆ ಹಳದಿ ಗುರುತಿಲ್ಲದ ಒಂದು ಹೆಸರು ಬಂದರೆ ಡ್ರೈವರ್ ಸರಿಯಾಗಿದೆ ಎಂದೇ ಅರ್ಥ, ಅದನ್ನು ಮುಟ್ಟಬೇಕಾಗಿಲ್ಲ. ಆದರೆ ‘ಸ್ಮಾರ್ಟ್ ಕಾರ್ಡ್ಸ್’ ಎಂಬ ಬೇರೆಯೇ ಶೀರ್ಷಿಕೆಯ ಕೆಳಗೆ ಹಳದಿ ಗುರುತು ಬಂದರೆ ಅದು ರೀಡರ್‌ಗೆ ಸಂಬಂಧಿಸಿದ್ದಲ್ಲ. ಒಳಗಿನ ಚಿಪ್‌ಗೆ ಬೇಕಾದ ಮಿನಿಡ್ರೈವರ್ ವಿಂಡೋಸ್‌ಗೆ ಸಿಗಲಿಲ್ಲ ಎಂಬ ಸೂಚನೆ ಅದು. ಟೋಕನ್ ಕಂಪನಿಯ ತಂತ್ರಾಂಶ ಹಾಕಿದರೆ ಸಾಮಾನ್ಯವಾಗಿ ಅದು ಸರಿಯಾಗುತ್ತದೆ. ಈ ಎರಡು ಸಾಲುಗಳ ನಡುವಿನ ವ್ಯತ್ಯಾಸ ತಿಳಿಯದೆ ಅರ್ಧ ದಿನ ಕಳೆದುಕೊಂಡವರು ಎಷ್ಟೋ ಮಂದಿ.

ಹಳದಿ ಗುರುತು ರೀಡರ್‌ನ ಮೇಲೆಯೇ ಇದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ಕೋಡ್ ಎಷ್ಟೆಂದು ನೋಡಬೇಕು. 28 ಎಂದರೆ ಡ್ರೈವರ್ ಇಲ್ಲ; 10 ಎಂದರೆ ಸಾಧನ ಆರಂಭವಾಗಲಿಲ್ಲ; 43 ಎಂದರೆ ಸಾಧನವೇ ತೊಂದರೆಯನ್ನು ವರದಿ ಮಾಡಿದೆ. ಹೆಚ್ಚಿನ ರೀಡರ್‌ಗಳು ಸಿಸಿಐಡಿ ಎಂಬ ಮಾನದಂಡವನ್ನು ಅನುಸರಿಸುವುದರಿಂದ ಅವುಗಳಿಗೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ‘ಅಪ್‌ಡೇಟ್ ಡ್ರೈವರ್’ ಆಯ್ದು, ಕಂಪ್ಯೂಟರಿನಲ್ಲೇ ಹುಡುಕುವ ದಾರಿ ಹಿಡಿದು, ಲಭ್ಯವಿರುವ ಪಟ್ಟಿಯಿಂದ ‘ಮೈಕ್ರೋಸಾಫ್ಟ್ ಯುಎಸ್‌ಬಿಸಿಸಿಐಡಿ ಸ್ಮಾರ್ಟ್‌ಕಾರ್ಡ್ ರೀಡರ್’ ಎಂಬುದನ್ನು ಆರಿಸಿಕೊಂಡರೆ ಸಾಕಷ್ಟು ಸಂದರ್ಭಗಳಲ್ಲಿ ಕೆಲಸ ಮುಗಿಯುತ್ತದೆ. ಲ್ಯಾಪ್‌ಟಾಪ್‌ನೊಳಗೇ ಇರುವ ರೀಡರ್‌ಗೆ ಮಾತ್ರ ಆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದಲೇ ಡ್ರೈವರ್ ತರುವುದು ಒಳ್ಳೆಯದು. ಉದಾಹರಣೆಗೆ ಡೆಲ್‌ನ ಹಲವು ಮಾದರಿಗಳಲ್ಲಿ ಈ ರೀಡರ್ ‘ಕಂಟ್ರೋಲ್‌ವಾಲ್ಟ್’ ಎಂಬ ಡ್ರೈವರ್‌ನ ಅಡಿಯಲ್ಲಿ ಬರುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡ್ ಓದುವ ಎಸ್‌ಡಿ ಕಾರ್ಡ್ ರೀಡರ್‌ನ ಡ್ರೈವರ್ ಬೇರೆಯೇ ಆಗಿದ್ದು, ಹೆಸರಿನ ಹೋಲಿಕೆಯಿಂದ ಅದನ್ನು ಹಾಕಿದರೆ ಪ್ರಯೋಜನವಿಲ್ಲ.

ಸ್ವಲ್ಪ ಹೊತ್ತು ಕೆಲಸ ಮಾಡಿ ಆಮೇಲೆ ಮಾಯವಾಗುವ ರೀಡರ್‌ಗೆ ಮದ್ದು ಬೇರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಗುರುತನ್ನು ತೆಗೆಯಬೇಕು.

ರೀಡರ್ ಸರಿಯಿದ್ದೂ ಟೋಕನ್ ಸಿಗದಿದ್ದರೆ ‘ಸರ್ವಿಸಸ್’ ತೆರೆದು ‘ಸ್ಮಾರ್ಟ್ ಕಾರ್ಡ್’ ಎಂಬ ಸಾಲನ್ನು ನೋಡಬೇಕು. ಅದು ಮ್ಯಾನ್ಯುವಲ್ ಎಂದಿದ್ದರೆ ತಪ್ಪಲ್ಲ, ಏಕೆಂದರೆ ರೀಡರ್ ಸಿಕ್ಕಿಸಿದಾಗ ತಾನಾಗಿ ಆರಂಭವಾಗುತ್ತದೆ. ಡಿಸೇಬಲ್ಡ್ ಎಂದಿದ್ದರೆ ಮಾತ್ರ ಬದಲಾಯಿಸಬೇಕು. ಇಲ್ಲೇ ಇನ್ನೊಂದು ಮಾತು ಹೇಳಬೇಕು. ಉಡುಪಿಯ ಕಚೇರಿಯ ಕಂಪ್ಯೂಟರಿಗೆ ಟೋಕನ್ ಸಿಕ್ಕಿಸಿಟ್ಟು, ಮಂಗಳೂರಿನ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದನ್ನು ತೆರೆದವರಿಗೆ ಆ ಟೋಕನ್ ಕಾಣುವುದಿಲ್ಲ. ಅಂಥ ಸಂಪರ್ಕದಲ್ಲಿ ವಿಂಡೋಸ್ ತೋರಿಸುವುದು ನಮ್ಮ ಎದುರಿಗಿರುವ ಲ್ಯಾಪ್‌ಟಾಪ್‌ನ ರೀಡರ್ ಅನ್ನೇ ಹೊರತು ದೂರದ ಯಂತ್ರದ್ದನ್ನಲ್ಲ. ಟೋಕನ್ ನಮ್ಮ ಕೈಯಲ್ಲಿರಬೇಕು, ಸಂಪರ್ಕದ ಲೋಕಲ್ ರಿಸೋರ್ಸಸ್‌ನಲ್ಲಿ ಸ್ಮಾರ್ಟ್ ಕಾರ್ಡ್ ಎಂಬುದಕ್ಕೆ ಗುರುತಿರಬೇಕು, ಟೋಕನ್‌ನ ತಂತ್ರಾಂಶ ಮಾತ್ರ ಕಚೇರಿಯ ಯಂತ್ರದಲ್ಲಿರಬೇಕು.

ಮೂರನೆಯ ಹಂತವಾದ ಟೋಕನ್ ತಂತ್ರಾಂಶವನ್ನು ಹೊಸದಾಗಿ ಹಾಕುವಾಗ ಟೋಕನ್ ಹೊರಗಿರಲಿ. ಹಳೆಯ ಆವೃತ್ತಿಯನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಹೊಸದನ್ನು ಅಡ್ಮಿನಿಸ್ಟ್ರೇಟರ್ ಆಗಿ ಹಾಕಿ, ಕೊನೆಯಲ್ಲಿ ಟೋಕನ್ ಸಿಕ್ಕಿಸಬೇಕು. 2025ರ ಅಕ್ಟೋಬರ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್ ನಂತರ ಕೆಲವು 32 ಬಿಟ್ ತಂತ್ರಾಂಶಗಳಿಗೆ ಸ್ಮಾರ್ಟ್ ಕಾರ್ಡ್ ಸಿಗದೆ ಹೋದದ್ದುಂಟು. ಆದ್ದರಿಂದ ಹಳೆಯ ಸಿಡಿಯಲ್ಲಿರುವುದನ್ನು ಬಿಟ್ಟು ಕಂಪನಿಯ ಇತ್ತೀಚಿನ ಆವೃತ್ತಿಯನ್ನೇ ಹಾಕಬೇಕು.

ಈ ಹಂತದಲ್ಲಿ ಒಂದು ಗುಂಡಿಯನ್ನು ಯಾವ ಕಾರಣಕ್ಕೂ ಒತ್ತಬಾರದು. ಕಳೆದ ಮಳೆಗಾಲದ ಒಂದು ಸಂಜೆ ಉಡುಪಿಯ ಕಚೇರಿಯೊಂದರಲ್ಲಿ ಆರ್ಟಿಕಲ್ಸ್ (ಸಿಎ ತರಬೇತಿ) ಮಾಡುತ್ತಿದ್ದ ಹುಡುಗನೊಬ್ಬ ಟೋಕನ್ ಆಗಾಗ ಕಡಿದುಹೋಗುತ್ತಿದೆಯೆಂದು ತಂತ್ರಾಂಶದಲ್ಲಿ ‘ಇನಿಶಿಯಲೈಸ್’ ಒತ್ತಿಬಿಟ್ಟಿದ್ದ. ನಾನು ಹೋಗುವಷ್ಟರಲ್ಲಿ ತೆರೆಯ ಮೇಲೆ ಟೋಕನ್ ಚೆನ್ನಾಗಿಯೇ ಕಾಣಿಸುತ್ತಿತ್ತು, ಆದರೆ ಪ್ರಮಾಣಪತ್ರದ ಜಾಗ ಖಾಲಿಯಾಗಿತ್ತು. “ಸರ್, ಹಿಂದೆ ತರಲಿಕ್ಕೆ ಆಗುದಿಲ್ವಾ?” ಎಂದು ಅವನು ಕೇಳಿದಾಗ ಇಲ್ಲ ಎನ್ನದೆ ಬೇರೆ ದಾರಿಯಿರಲಿಲ್ಲ. ಸಹಿಯ ಖಾಸಗಿ ಕೀಲಿ ಚಿಪ್‌ನಿಂದ ಹೊರಬರದಂತೆಯೇ ಅದನ್ನು ರೂಪಿಸಿರುತ್ತಾರೆ. ಅಳಿದರೆ ಅದಕ್ಕೆ ಬ್ಯಾಕಪ್ ಇರುವುದಿಲ್ಲ, ಹೊಸ ಡಿಎಸ್‌ಸಿಯನ್ನೇ ಮಾಡಿಸಬೇಕು. ಅಂದು ನಿಜವಾದ ದೋಷವಿದ್ದದ್ದು ಮೇಜಿನ ಮೇಲಿದ್ದ ಸಡಿಲವಾದ ಯುಎಸ್‌ಬಿ ಹಬ್‌ನಲ್ಲಿ. ಪಿನ್ ಅನ್ನೂ ಅಂದಾಜಿನ ಮೇಲೆ ಮತ್ತೆ ಮತ್ತೆ ಹಾಕಬಾರದು, ನಿಗದಿತ ಸಂಖ್ಯೆಯ ತಪ್ಪುಗಳಾದ ಮೇಲೆ ಟೋಕನ್ ಲಾಕ್ ಆಗುತ್ತದೆ.

ಟೋಕನ್ ತಂತ್ರಾಂಶದಲ್ಲಿ ಪ್ರಮಾಣಪತ್ರವು ಹೆಸರು ಮತ್ತು ಅವಧಿಯ ಸಮೇತ ಕಾಣಿಸಿದರೆ ಡ್ರೈವರ್‌ನ ವಿಷಯ ಅಲ್ಲಿಗೆ ಮುಗಿಯಿತು. ಆಮೇಲೂ ಜಿಎಸ್‌ಟಿ ಜಾಲತಾಣದಲ್ಲಿ ಸಹಿ ಆಗದಿದ್ದರೆ ಸಹಿಗೆ ಬಳಸುವ ಎಂಸೈನರ್ ಎಂಬ ತಂತ್ರಾಂಶ ಚಾಲನೆಯಲ್ಲಿದೆಯೇ, ಅದು ಬ್ರೌಸರ್‌ನೊಂದಿಗೆ ಸಂಪರ್ಕಕ್ಕೆ ಬಳಸುವ 1585ನೇ ಪೋರ್ಟ್‌ಗೆ ಬ್ರೌಸರ್ ಅನುಮತಿ ಕೊಟ್ಟಿದೆಯೇ ಎಂದು ನೋಡಬೇಕು. ಟೋಕನ್ ಸಿಕ್ಕಿಸಿಟ್ಟಿದ್ದರೂ ‘ಸ್ಮಾರ್ಟ್ ಕಾರ್ಡ್ ಹಾಕಿ’ ಎಂದು ವಿಂಡೋಸ್ ಕೇಳುತ್ತಲೇ ಇದ್ದರೆ, ನವೀಕರಣಕ್ಕೆ ಮುಂಚಿನ ಹಳೆಯ ಪ್ರಮಾಣಪತ್ರವು ಪಟ್ಟಿಯಲ್ಲಿ ಉಳಿದು ಅದನ್ನೇ ಆಯ್ದಿರುವ ಸಾಧ್ಯತೆ ಇದೆ. ಅವಧಿ ನೋಡಿ ಹೊಸದನ್ನು ಆರಿಸಿಕೊಳ್ಳಬೇಕು.