ಆರ್ಡರ್ ನನ್ನ ಹೆಸರಲ್ಲಿ, ಕೆಲಸ ಐದು ಶೆಡ್ಡಲ್ಲಿ

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಶಾಪು, ಕಂಪ್ಯೂಟರಿಂದ ನಡೆಯೋ ಎರಡು ಸಿಎನ್‌ಸಿ ಲೇತು, ನಾನೂ ಸೇರಿ ಆರು ಜನ. ಪೀಣ್ಯದ ಒಂದು ಕಂಪನಿಯಿಂದ ಪಿನ್ನಿನ ಆರ್ಡರ್ ಬಂತು, ಆದ್ರೆ ಲೇತಲ್ಲಿ ಕೊರೆಯೋ ಟರ್ನಿಂಗ್ ಒಬ್ರತ್ರ, ಉಜ್ಜಿ ಅಳತೆಗೆ ತರೋ ಗ್ರೈಂಡಿಂಗ್ ಇನ್ನೊಬ್ರತ್ರ ಅಂತ ನಾವು ಓಡಾಡಲ್ಲ, ವೆಂಡರ್ ಕೋಡ್ ಒಂದೇ, ಬಿಲ್ ಒಂದೇ, ಬೈಯೋಕೂ ಒಬ್ರೇ ಸಿಗ್ಬೇಕು ಅಂದ್ರು. ಅಕ್ಕಪಕ್ಕದ ನಾಲ್ಕು ಶಾಪಿನವ್ರು "ನೀನೇ ಮುಂದೆ ನಿಂತ್ಕೊ ಅಣ್ಣ, ನಾವಿದೀವಲ್ಲ" ಅಂದ್ರು. ಹೀಗೆ ಮುಂದೆ ನಿಲ್ಲೋ ಲೀಡ್ ಕಂಪನಿ ಅಂದ್ರೆ ಆರ್ಡರ್ ತಂದು ಹಂಚಿ ಐದು ಪರ್ಸೆಂಟ್ ಇಟ್ಕೊಳೋದು, ಆಗ ನನ್ನ ತಲೇಲಿ ಇದ್ದಿದ್ದು ಅಷ್ಟೇ.

ಎರಡನೇ ಲಾಟೇ ವಾಪಸ್ ಬಂತು. ಡ್ರಾಯಿಂಗಲ್ಲಿ ಪಿನ್ನಿನ ಡಯಾ 20 ಎಂಎಂ ಸ್ಮಾಲ್ ಎಚ್7, ಅಂದ್ರೆ 19.979ರಿಂದ 20.000 ಒಳಗಿರ್ಬೇಕು, ಪೀಸು ಅಳತೆ ನೋಡೋ ಗೇಜಿಗೆ ಹೋಗ್ತಾನೇ ಇಲ್ಲ. ಗ್ರೈಂಡಿಂಗ್‌ನವ್ನು ಪ್ಲೇಟಿಂಗ್ ಆಗದೆ ಉಳಿದಿದ್ದ ಪೀಸಿಗೆ ಮೈಕ್ರೋಮೀಟರ್ ಹಿಡಿದು ತೋರಿಸ್ದ, 19.994, "ನೋಡಣ್ಣ, ನಂದು ಸರಿಯಾಗೇ ಐತೆ". ಪಿನ್ನಿನ ಮೇಲೆ ಜಿಂಕ್ ಪದರ ಕೂರಿಸೋ ಪ್ಲೇಟಿಂಗ್‌ನವ್ನು ಜಿಂಕ್ 8 ಮೈಕ್ರಾನ್ (ಒಂದು ಎಂಎಂನ ಸಾವಿರದಲ್ಲಿ ಎಂಟು ಪಾಲು), ಡ್ರಾಯಿಂಗಲ್ಲಿ ಇರೋಷ್ಟೇ ಅಂದ. ಇಬ್ರು ಹೇಳಿದ್ದೂ ನಿಜಾನೇ. ಆದ್ರೆ 8 ಮೈಕ್ರಾನ್ ಎರಡೂ ಕಡೆ ಕೂತ್ರೆ ಡಯಾ 16 ಮೈಕ್ರಾನ್ ಏರುತ್ತೆ, 19.994 ಹೋಗಿ 20.010 ಆಯ್ತು. ಪ್ಲೇಟಿಂಗಿಗೆ ಮುಂಚೆ ಎಷ್ಟಿರ್ಬೇಕು ಅಂತ ಹೇಳ್ಬೇಕಾಗಿದ್ದೋನು ನಾನು, ಪೂರ್ತಿ ಡ್ರಾಯಿಂಗ್ ಇದ್ದಿದ್ದು ನನ್ನತ್ರ ಮಾತ್ರ, ಅವ್ರಿಗೆ ಬಾಯಲ್ಲಿ ಹೇಳಿ ಕಳ್ಸಿದ್ದೆ. ಜಿಂಕ್ ಬಿಡಿಸಿ, ಮತ್ತೆ ಗ್ರೈಂಡ್ ಮಾಡ್ಸಿ, ಮತ್ತೆ ಪ್ಲೇಟಿಂಗ್ ಹಾಕ್ಸಿದ ಖರ್ಚೆಲ್ಲಾ ನಂದೇ ಅಂತ ಒಪ್ಕೊಂಡೆ, ಅವ್ರ ಬಿಲ್ಲಲ್ಲಿ ಕತ್ತರಿಸಿದ್ರೆ ಮುಂದಿನ ತಿಂಗಳು ಯಾರೂ ಬರ್ತಿರ್ಲಿಲ್ಲ. ಈಗ ಪ್ರತಿ ಶಾಪಿಗೂ ಬೇರೆ ಬೇರೆ ಶೀಟು, ಗ್ರೈಂಡಿಂಗಿಗೆ 19.970ರಿಂದ 19.980, ಕನ್ನಡದಲ್ಲೇ ಬರ್ದು ಕೊಡ್ತೀನಿ.

ದುಡ್ಡಿನ ವಿಷ್ಯ ಇನ್ನೊಂದು. ಕಂಪನಿಯೋರು ಬಿಲ್ಲಿನ ದುಡ್ಡು ಎಳೆದಾಗ, ಸಣ್ಣ ಉದ್ಯಮದವ್ರಿಗೆ ಅಂತ ಇರೋ 2006ರ ಎಂಎಸ್‌ಎಂಇ ಕಾಯ್ದೇಲಿ ಹೆಚ್ಚಂದ್ರೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ ಐತೆ ಸಾರ್ ಅಂತ ನಾನು ಜೋರು ಮಾಡ್ದೆ, ಆಮೇಲೆ ನಮ್ಮ ಆಡಿಟರ್ ನಕ್ರು, ಗ್ರೈಂಡಿಂಗ್‌ನವ್ನ ಪಾಲಿಗೆ ಖರೀದಿದಾರ ನೀವೇ ಅಲ್ವಾ, ಆ 45 ದಿನ ನಿಮಗೂ ಅನ್ವಯ ಅಂತ. ಮೇಲಿಂದ ಬಂದ್ಮೇಲೆ ಕೊಡ್ತೀನಿ ಅನ್ನೋ ಹಾಗಿಲ್ಲ. ಬ್ಯಾಂಕಲ್ಲಿ ಓವರ್‌ಡ್ರಾಫ್ಟ್ ಸಾಲ ಮಾಡ್ಸಿ ಅವ್ರಿಗೆ ಮೊದ್ಲು ಕೊಡ್ತಿದೀನಿ, ಬಡ್ಡಿ ನಂದು.

ಅದಕ್ಕೇ ನನ್ನ ಪಾಲು ಎಂಟು ಪರ್ಸೆಂಟ್ ಮಾಡ್ದೆ, ಕಂಪನಿ ಕೊಡೋ ರೇಟು, ಬಡ್ಡಿ, ಎಲ್ಲಾ ಬರ್ದು ಶಾಪಿನ ಗೋಡೆಗೆ ಅಂಟಿಸಿದೀನಿ. ಯಾರೂ ತಕರಾರು ಮಾಡ್ಲಿಲ್ಲ, ಪ್ಲೇಟಿಂಗ್‌ನವ್ನು ಮಾತ್ರ ಏಳು ಸಾಕಾಗಿತ್ತು ಅಂತ ಈಗ್ಲೂ ಗೊಣಗ್ತಾನೆ.